ಇಸಾಂಪುರದ ಕಲ್ಲುಕುಟಿಗರು

ಕುಮಟಾ ತಾಲೂಕಿನ ಮಿರ್ಜಾನದ ಕೋಟೆಗೆ ಪ್ರವಾಸ ಬರುವ ಶಾಲಾ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಇದು ಎಷ್ಟು ಹಳೆಯದು?" ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಕೆಂಪುಕಲ್ಲಿನ ಕೋಟೆಗೆ ಸುಮಾರು 400 ವರ್ಷ ಎಂಬ ಉತ್ತರ ಬಂದೊಡನೆ ಮಕ್ಕಳ ಕಣ್ಣು ಅರಳುತ್ತದೆ. ಅಜ್ಜನ ಅಜ್ಜನಿಗಿಂತಲೂ ಹಿಂದಿನ ಕಾಲ! ಆದರೆ ಮನುಷ್ಯನ ಕತೆಯಲ್ಲಿ 400 ವರ್ಷವೆಂದರೆ ನಿನ್ನೆ ಸಂಜೆಯ ಮಾತು.

ಇದನ್ನು ಅರಿಯಲು ಒಂದು ಸುಲಭ ಲೆಕ್ಕ ಮಾಡಬಹುದು. ಕೋಟೆಯ ಗೋಡೆಯ ಬುಡದಲ್ಲಿ ಒಂದು ದಾರವನ್ನು ಎಳೆದು, 1000 ವರ್ಷಕ್ಕೆ 1 ಸೆಂಟಿಮೀಟರ್ ಎಂದು ಗುರುತು ಹಾಕುತ್ತ ಹೋಗೋಣ. ಕೋಟೆಯ ವಯಸ್ಸು 4 ಮಿಲಿಮೀಟರ್‌ನಲ್ಲಿ ಮುಗಿದುಹೋಗುತ್ತದೆ. ಬುದ್ಧನ ಕಾಲ ಎರಡೂವರೆ ಸೆಂಟಿಮೀಟರ್. ಮನುಷ್ಯ ಬೇಸಾಯ ಕಲಿತದ್ದು ಸುಮಾರು 10 ಸೆಂಟಿಮೀಟರ್ ದೂರದಲ್ಲಿ. ನಮ್ಮಂಥದೇ ಮನುಷ್ಯರು, ಅಂದರೆ ಹೋಮೋ ಸೇಪಿಯನ್ಸ್, ಆಫ್ರಿಕದಲ್ಲಿ ಕಾಣಿಸಿಕೊಂಡದ್ದು 3 ಮೀಟರ್ ದೂರದಲ್ಲಿ. ಅಲ್ಲಿಂದಲೂ ಮುಂದೆ ಹೋಗಿ 12 ಮೀಟರ್ ಮುಟ್ಟಿದರೆ, ಅಂದರೆ 12 ಲಕ್ಷ ವರ್ಷಗಳ ಹಿಂದಕ್ಕೆ ಹೋದರೆ, ನಮ್ಮ ಕರ್ನಾಟಕದ ನೆಲದಲ್ಲೇ ಕಲ್ಲು ಕುಟ್ಟುತ್ತ ಕುಳಿತವರು ಸಿಗುತ್ತಾರೆ. ಅವರ ಕೈಕೆಲಸ ಇಂದಿಗೂ ಉಳಿದಿದೆ. ಆ ಊರಿನ ಹೆಸರು ಇಸಾಂಪುರ.

ಕರಾವಳಿಯ ಮಣ್ಣು ಯಾಕೆ ಮೌನ?

ಇಸಾಂಪುರಕ್ಕೆ ಹೋಗುವ ಮೊದಲು, ಮಿರ್ಜಾನದ ಸುತ್ತಮುತ್ತಲೇ ಅಷ್ಟು ಹಳೆಯ ಮನುಷ್ಯರ ಮೂಳೆಯನ್ನು ಯಾಕೆ ಹುಡುಕಬಾರದು ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಮಣ್ಣಿನಲ್ಲೇ ಇದೆ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿಯ ಕೆಂಪುಕಲ್ಲಿನ ಮಣ್ಣಿಗೆ ಆಮ್ಲೀಯ ಗುಣ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್ ಆಮ್ಲದಲ್ಲಿ ಕರಗುತ್ತದೆ. ಲಿಂಬೆರಸದಲ್ಲಿ ಮೊಟ್ಟೆಯ ಸಿಪ್ಪೆಯನ್ನು ಕೆಲವು ದಿನ ಇಟ್ಟರೆ ಅದು ಮೆತ್ತಗಾಗುವುದನ್ನು ಮನೆಯಲ್ಲೇ ನೋಡಬಹುದು. ಸಿಪ್ಪೆಯಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಆದರೂ ತತ್ತ್ವ ಒಂದೇ. ಸಾವಿರಾರು ಮಳೆಗಾಲಗಳು ಸೇರಿದರೆ ಮೂಳೆಯ ಗುರುತೇ ಉಳಿಯುವುದಿಲ್ಲ.

ಇನ್ನೊಂದು ಕಾರಣ ಸಮುದ್ರ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತೀವ್ರ ಚಳಿಯ ಕಾಲದಲ್ಲಿ, ಭೂಮಿಯ ನೀರಿನ ದೊಡ್ಡ ಪಾಲು ಧ್ರುವಗಳ ಬಳಿ ಹಿಮವಾಗಿ ಕುಳಿತಿತ್ತು. ಆಗ ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅರಬ್ಬೀ ಸಮುದ್ರದ ದಂಡೆ ಈಗಿನದಕ್ಕಿಂತ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಅಂದಿನ ಮನುಷ್ಯರು ಕಡಲತಡಿಯಲ್ಲಿ ಬಿಡಾರ ಹೂಡಿದ್ದರೆ ಆ ಜಾಗವೆಲ್ಲ ಇಂದು ಮೀನುಗಾರರ ಬಲೆಯ ಕೆಳಗಿದೆ. ಆದ್ದರಿಂದ ಕರಾವಳಿಯಲ್ಲಿ ಕುರುಹು ಸಿಗದಿದ್ದ ಮಾತ್ರಕ್ಕೆ ಇಲ್ಲಿ ಯಾರೂ ಇರಲಿಲ್ಲ ಎಂದು ಹೇಳುವಂತಿಲ್ಲ. ಸಾಕ್ಷಿ ಉಳಿಯಲು ತಕ್ಕ ನೆಲವೂ ಬೇಕು.

ಅಂಥ ನೆಲ ಘಟ್ಟದ ಆಚೆ ಇದೆ.

ಹುಣಸಗಿಯ ಕಣಿವೆ

ಈಗಿನ ಯಾದಗಿರಿ ಜಿಲ್ಲೆಯ ಸುರಪುರದ ಸೀಮೆಯಲ್ಲಿ ಹುಣಸಗಿ ಮತ್ತು ಬೈಚಬಾಳ ಎಂಬ ಎರಡು ಕಣಿವೆಗಳು ಒಂದಕ್ಕೊಂದು ತಾಗಿಕೊಂಡಿವೆ. ಸುತ್ತಲೂ ತಗ್ಗಾದ ಗುಡ್ಡಗಳು, ನಡುವೆ ಬಯಲು. ಮಳೆ ಕುಮಟಾದ ಕಾಲುಭಾಗಕ್ಕಿಂತ ಕಡಿಮೆ. ಸುಣ್ಣಕಲ್ಲಿನ ಪದರಗಳಿಂದ ಅಲ್ಲಲ್ಲಿ ನೀರು ಜಿನುಗುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಕ್ತನಶಾಸ್ತ್ರಜ್ಞ ಪ್ರೊ. ಕೆ. ಪದ್ದಯ್ಯ ಈ ಕಣಿವೆಗಳಲ್ಲಿ ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಅಲೆದು, ಹಳೆ ಶಿಲಾಯುಗದ ಇನ್ನೂರರಷ್ಟು ನೆಲೆಗಳನ್ನು ಗುರುತಿಸಿದರು. ಅವರಿಗೆ 2012ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಈ ನೆಲೆಗಳಲ್ಲಿ ಅತ್ಯಂತ ಸ್ವಾರಸ್ಯವಾದದ್ದು ಇಸಾಂಪುರ. 1983ರಲ್ಲಿ ಬೆಳಕಿಗೆ ಬಂದ ಈ ಜಾಗದಲ್ಲಿ 1997ರಿಂದ 2001ರವರೆಗೆ ಉತ್ಖನನ ನಡೆಯಿತು. ಮಣ್ಣಿನ ಪದರವನ್ನು ಎಚ್ಚರಿಕೆಯಿಂದ ತೆಗೆದಾಗ ಅಲ್ಲಿ ಕಂಡದ್ದು ಒಂದು ಕಾರ್ಖಾನೆ! ಸುಣ್ಣಕಲ್ಲಿನ ಹಾಸುಗಳು, ಅವುಗಳಿಂದ ಕಿತ್ತ ದೊಡ್ಡ ತುಂಡುಗಳು, ಅರ್ಧ ಕೆತ್ತಿ ಬಿಟ್ಟ ಆಯುಧಗಳು, ಮುಗಿದ ಆಯುಧಗಳು, ಕೆತ್ತುವಾಗ ಸಿಡಿದ ಚಕ್ಕೆಗಳು, ಕುಟ್ಟಲು ಬಳಸಿದ ಗುಂಡುಕಲ್ಲುಗಳು, ಎಲ್ಲವೂ ಕೆಲಸ ನಿಲ್ಲಿಸಿದ ಜಾಗದಲ್ಲೇ ಬಿದ್ದಿದ್ದವು. ನೀರು ಕೊಚ್ಚಿಕೊಂಡು ಹೋಗಿ ಬೇರೆಡೆ ಸುರಿದ ರಾಶಿ ಇದಲ್ಲ. ಕೆಲಸಗಾರರು ಎದ್ದುಹೋದ ಮೇಲೆ ಮಣ್ಣು ಮುಚ್ಚಿಕೊಂಡ ಅಂಗಳ ಇದು.

ಇದರ ವಯಸ್ಸನ್ನು ಅಳೆದ ಬಗೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. ಕಲ್ಲಿನ ಆಯುಧಗಳ ಜೊತೆಗೆ ಅಲ್ಲಿ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳೂ ಸಿಕ್ಕವು. ಹಲ್ಲಿನ ಹೊರಗಿನ ಗಟ್ಟಿ ಪದರಕ್ಕೆ ಎನಾಮಲ್ ಎನ್ನುತ್ತಾರೆ. ಸುತ್ತಲಿನ ಮಣ್ಣಿನಲ್ಲಿ ಯುರೇನಿಯಂನಂಥ ವಿಕಿರಣಶೀಲ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಅವುಗಳ ವಿಕಿರಣ ತಾಗಿದಂತೆಲ್ಲ ಎನಾಮಲ್‌ನ ಹರಳುಗಳೊಳಗೆ ಎಲೆಕ್ಟ್ರಾನುಗಳು ಸಿಕ್ಕಿಹಾಕಿಕೊಳ್ಳುತ್ತವೆ. ವರ್ಷ ಕಳೆದಂತೆ ಹೀಗೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳ ಸಂಖ್ಯೆ ಏರುತ್ತದೆ. ಹುಂಡಿಯಲ್ಲಿ ದಿನಕ್ಕೊಂದು ನಾಣ್ಯ ಬೀಳುತ್ತಿದ್ದರೆ, ನಾಣ್ಯಗಳನ್ನು ಎಣಿಸಿ ಎಷ್ಟು ದಿನವಾಯಿತೆಂದು ಹೇಳಬಹುದಲ್ಲವೇ? ಹಾಗೆಯೇ ಇದು. ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ಈ ವಿಧಾನದಿಂದ ಇಸಾಂಪುರದ ಹಲ್ಲುಗಳಿಗೆ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಸಿಕ್ಕಿತು. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಒಂದೆರಡು ಲಕ್ಷ ವರ್ಷ ಹೆಚ್ಚುಕಡಿಮೆ ಇರಬಹುದೆಂದು ವಿಜ್ಞಾನಿಗಳೇ ಹೇಳಿಟ್ಟಿದ್ದಾರೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಡಾ. ಶಾಂತಿ ಪಪ್ಪು ಮತ್ತು ಸಂಗಡಿಗರು ಬೇರೊಂದು ವಿಧಾನದಿಂದ ಅಳೆದು 2011ರಲ್ಲಿ ಪ್ರಕಟಿಸಿದ ವಯಸ್ಸು ಸುಮಾರು 15 ಲಕ್ಷ ವರ್ಷ. ದಕ್ಷಿಣ ಭಾರತಕ್ಕೆ ಮನುಷ್ಯನ ಪೂರ್ವಜರು ಬಹಳ ಹಿಂದೆಯೇ ಬಂದಿದ್ದರೆಂಬುದಕ್ಕೆ ಇವೆರಡೂ ಸಾಕ್ಷಿ.

ಒಂದು ಪೆಟ್ಟಿನ ಹಿಂದಿನ ಬುದ್ಧಿ

ಕಲ್ಲಿಗೆ ಕಲ್ಲು ಕುಟ್ಟಿದರೆ ಆಯುಧ ಸಿದ್ಧವಾಗುತ್ತದೆ ಎಂದು ಎಣಿಸುವವರು ಒಮ್ಮೆ ಕುಟ್ಟಿ ನೋಡಬೇಕು. ಕೈಬೆರಳು ಜಜ್ಜಿಹೋಗುವುದೇ ಹೆಚ್ಚು. ಚಿರೆಕಲ್ಲು ಕಡಿಯುವ ಕೆಲಸಗಾರನಿಗೆ ಕಲ್ಲಿನ ಯಾವ ಮಗ್ಗುಲು ಮೆದು, ಪೆಟ್ಟು ಎಲ್ಲಿ ಬೀಳಬೇಕು ಎಂಬುದು ಗೊತ್ತಿರುತ್ತದೆ. ತೆಂಗಿನಕಾಯಿ ಒಡೆಯುವಾಗಲೂ ಅಷ್ಟೆ. ಹದವರಿತವರ ಕೈಯಲ್ಲಿ ಅದು ಎರಡು ಸಮಭಾಗ, ಅರಿಯದವರ ಕೈಯಲ್ಲಿ ಚೂರುಚೂರು. ಇಸಾಂಪುರದ ಕುಟಿಗರಿಗೂ ಈ ಹದ ತಿಳಿದಿತ್ತು.

ಅವರು ಮೊದಲು ಬೇಕಾದ ದಪ್ಪದ ಸುಣ್ಣಕಲ್ಲಿನ ಹಲಗೆಯನ್ನು ಆರಿಸುತ್ತಿದ್ದರು. ಕುಟ್ಟಲು ಮಾತ್ರ ಸುಣ್ಣಕಲ್ಲು ಸಾಲದು. ಅದಕ್ಕೆ ಗಟ್ಟಿಯಾದ ಬಸಾಲ್ಟ್, ಚರ್ಟ್ ಮೊದಲಾದ ಬೇರೆ ಜಾತಿಯ ಗುಂಡುಕಲ್ಲುಗಳನ್ನು ಹುಡುಕಿ ತರುತ್ತಿದ್ದರು. ಹಲಗೆಯ ಅಂಚಿಗೆ ಓರೆಯಾಗಿ ಪೆಟ್ಟು ಕೊಟ್ಟು ದೊಡ್ಡ ಚಕ್ಕೆ ಎಬ್ಬಿಸುವುದು, ಆ ಚಕ್ಕೆಯನ್ನು ತಿರುಗಿಸಿ ತಿರುಗಿಸಿ ಎರಡೂ ಮುಖದಿಂದ ಸಣ್ಣ ಚಕ್ಕೆಗಳನ್ನು ಹಾರಿಸುವುದು, ಕೊನೆಗೆ ಒಂದು ತುದಿ ಚೂಪಾಗಿ ಹಿಡಿಯುವ ಭಾಗ ದುಂಡಾಗಿ ಉಳಿಯುವಂತೆ ಮಾಡುವುದು, ಇದೇ ಕೈಗೊಡಲಿ. ತುದಿ ಚೂಪಾಗಿರದೆ ಅಗಲವಾದ ಅಲಗಿದ್ದರೆ ಅದು ಸೀಳುಗೊಡಲಿ. ಮರದ ಹಿಡಿ ಹಾಕುವ ಪದ್ಧತಿ ಆಗ ಇನ್ನೂ ಇರಲಿಲ್ಲ. ಕೈಯಲ್ಲೇ ಹಿಡಿದು ಮಾಂಸ ಕೊಯ್ಯುವುದು, ಮೂಳೆ ಒಡೆದು ಮಜ್ಜೆ ತೆಗೆಯುವುದು, ಕೋಲು ಚೂಪು ಮಾಡುವುದು, ಗೆಡ್ಡೆ ಅಗೆಯುವುದು ಇವೆಲ್ಲ ಇಂಥ ಆಯುಧಗಳಿಂದ ಸಾಗುವ ಕೆಲಸಗಳು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕೈಗೊಡಲಿಯ ಆಕಾರ ಕಲ್ಲಿನೊಳಗೆ ಮೊದಲೇ ಇರುವುದಿಲ್ಲ. ಅದು ಮಾಡುವವನ ಮನಸ್ಸಿನಲ್ಲಿ ಇರಬೇಕು. ಮುಂದಿನ ಹತ್ತಾರು ಪೆಟ್ಟುಗಳನ್ನು ಎಣಿಸಿ ಈಗಿನ ಪೆಟ್ಟು ಹಾಕಬೇಕು. ಇದೇ ಬಗೆಯ ಆಯುಧ ಆಫ್ರಿಕದಲ್ಲಿ 17 ಲಕ್ಷ ವರ್ಷಗಳ ಹಿಂದಿನಿಂದ ಕಾಣುತ್ತದೆ. ತಲೆಮಾರಿನಿಂದ ತಲೆಮಾರಿಗೆ ಈ ವಿದ್ಯೆ ಹರಿದುಬರಬೇಕಾದರೆ ಒಬ್ಬರು ಮಾಡಿ ತೋರಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ನೋಡಿ ಕಲಿಯಬೇಕು. ಜಗತ್ತಿನ ಅತ್ಯಂತ ಹಳೆಯ ಶಾಲೆ ಇಂಥ ಕಲ್ಲಿನ ಚಕ್ಕೆಗಳ ನಡುವೆಯೇ ನಡೆದಿರಬೇಕು.

ಅವರು ಯಾರು?

ಹುಣಸಗಿಯ ಕಣಿವೆಯಲ್ಲಿ ಆಯುಧ ಸಿಕ್ಕಿದೆ, ಮಾಡಿದವರ ಮೂಳೆ ಸಿಕ್ಕಿಲ್ಲ. ಭಾರತದಲ್ಲಿ ಅಂಥ ಪುರಾತನ ಮಾನವನ ತಲೆಬುರುಡೆ ಸಿಕ್ಕಿರುವುದು ಒಂದೇ ಕಡೆ. ಮಧ್ಯಪ್ರದೇಶದ ನರ್ಮದಾ ದಡದ ಹಥ್ನೋರಾ ಎಂಬಲ್ಲಿ 1982ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಅರುಣ್ ಸೋನಾಕಿಯಾ ಅದನ್ನು ಪತ್ತೆ ಮಾಡಿದರು. ಅದು ಇಸಾಂಪುರದ ಕಾಲಕ್ಕಿಂತ ಬಹಳ ಈಚಿನದು. ಆದ್ದರಿಂದ ಇಸಾಂಪುರದವರ ರೂಪವನ್ನು ತಿಳಿಯಲು ಅದೇ ಕಾಲದ ಬೇರೆ ದೇಶಗಳ ಪಳೆಯುಳಿಕೆಗಳನ್ನು ನೋಡಬೇಕು. ಆ ಕಾಲದಲ್ಲಿ ಆಫ್ರಿಕದಿಂದ ಜಾವಾದವರೆಗೆ ಹರಡಿದ್ದವರು ಹೋಮೋ ಎರೆಕ್ಟಸ್, ಎಂದರೆ ನೆಟ್ಟಗೆ ನಿಲ್ಲುವ ಮಾನವರು. ಜಾವಾದಲ್ಲಿ 1891ರಲ್ಲಿ ಯೂಜಿನ್ ದುಬ್ವಾ ಇವರ ಮೊದಲ ಕುರುಹನ್ನು ಕಂಡುಹಿಡಿದಿದ್ದರು. 1984ರಲ್ಲಿ ಕೀನ್ಯಾದ ತುರ್ಕಾನಾ ಸರೋವರದ ಬಳಿ ಕಮೋಯಾ ಕಿಮೆಯು ಎಂಬ ನುರಿತ ಶೋಧಕನಿಗೆ ಒಬ್ಬ ಬಾಲಕನ ಬಹುತೇಕ ಪೂರ್ಣ ಅಸ್ಥಿಪಂಜರ ಸಿಕ್ಕಿತು. ಆ ಹುಡುಗ ಬದುಕಿದ್ದು ಸುಮಾರು 15 ಲಕ್ಷ ವರ್ಷಗಳ ಹಿಂದೆ. ಕತ್ತಿನಿಂದ ಕೆಳಗೆ ಅವನ ದೇಹ ಬಹುಮಟ್ಟಿಗೆ ನಮ್ಮದರಂತೆಯೇ: ಉದ್ದ ಕಾಲು, ಗಿಡ್ಡ ತೋಳು, ದೂರ ನಡೆಯಲು ತಕ್ಕ ಮೈಕಟ್ಟು. ಮುಖದಲ್ಲಿ ಮಾತ್ರ ಉಬ್ಬಿದ ಹುಬ್ಬೆಲುಬು, ಹಿಂದಕ್ಕೆ ವಾಲಿದ ಹಣೆ. ಮೆದುಳು ನಮ್ಮದರ ಮೂರನೆಯ ಎರಡು ಭಾಗದಷ್ಟು.

ಇವರಿಗಿಂತಲೂ ಹಿಂದಿನವಳು ಲೂಸಿ. 1974ರಲ್ಲಿ ಇಥಿಯೋಪಿಯದ ಹದಾರ್‌ನಲ್ಲಿ ಸಿಕ್ಕ ಈ ಹೆಣ್ಣಿನ ಅಸ್ಥಿಗಳಿಗೆ 32 ಲಕ್ಷ ವರ್ಷ. ನಮ್ಮ ದಾರದ ಮೇಲೆ ಅವಳ ಜಾಗ 32 ಮೀಟರ್ ದೂರದಲ್ಲಿ. ಅವಳ ಎತ್ತರ ಸುಮಾರು ಮೂರೂವರೆ ಅಡಿ. ಅವಳ ಜಾತಿಯವರ ಮೆದುಳು ಚಿಂಪಾಂಜಿಯದಕ್ಕಿಂತ ತುಸು ದೊಡ್ಡದು, ಅಷ್ಟೆ. ಆದರೂ ಅವಳು ಎರಡು ಕಾಲಿನ ಮೇಲೆ ನಡೆಯುತ್ತಿದ್ದಳು. ತಾಂಜಾನಿಯದ ಲೇಟೋಲಿಯಲ್ಲಿ ಮೇರಿ ಲೀಕಿಯವರ ತಂಡ 1970ರ ದಶಕದಲ್ಲಿ ಕಂಡ ಹೆಜ್ಜೆಗುರುತುಗಳು ಇದನ್ನೇ ಹೇಳುತ್ತವೆ. ಜ್ವಾಲಾಮುಖಿಯ ಹಸಿಬೂದಿಯ ಮೇಲೆ 36 ಲಕ್ಷ ವರ್ಷಗಳ ಹಿಂದೆ ಯಾರೋ ಒಟ್ಟಿಗೆ ನಡೆದುಹೋದ ಗುರುತು ಅದು. ಹೆಬ್ಬೆರಳು ನಮ್ಮದರಂತೆಯೇ ಉಳಿದ ಬೆರಳುಗಳ ಸಾಲಿನಲ್ಲಿದೆ. ಬುದ್ಧಿ ಬೆಳೆದ ಮೇಲೆ ಮನುಷ್ಯ ಎದ್ದು ನಿಂತ ಎಂದು ಹಲವರು ತಿಳಿದಿದ್ದರು. ನಡೆದದ್ದು ತಿರುವುಮುರುವು. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ತಲೆ.

ನೀರಿನ ಸುತ್ತ ಬದುಕು

ಇಸಾಂಪುರದವರ ವರ್ಷ ಹೇಗೆ ಸಾಗುತ್ತಿತ್ತು? ಕಣಿವೆಯ ನೆಲೆಗಳ ಹಂಚಿಕೆ, ಇಂದಿನ ಋತುಮಾನ, ಅಲ್ಲಿ ದೊರೆಯುವ ಕಾಡುಫಲಗಳು ಇವನ್ನೆಲ್ಲ ಕೂಡಿಸಿ ಪದ್ದಯ್ಯನವರು ಒಂದು ಚಿತ್ರ ಬಿಡಿಸಿದ್ದಾರೆ. ಮಳೆಗಾಲದಲ್ಲಿ ಎಲ್ಲೆಡೆ ನೀರು, ಎಲ್ಲೆಡೆ ಹಸಿರು. ಆಗ ಸಣ್ಣ ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರಿ, ಕಾಯಿ, ಹಣ್ಣು, ಗೆಡ್ಡೆ, ಸಣ್ಣ ಪ್ರಾಣಿಗಳ ಮೇಲೆ ಬದುಕುತ್ತಿದ್ದರು. ಬೇಸಿಗೆಯಲ್ಲಿ ಹಳ್ಳಗಳು ಬತ್ತಿ, ಬುಗ್ಗೆಯ ನೀರು ಮಾತ್ರ ಉಳಿದಾಗ ಅದರ ಸುತ್ತ ಎಲ್ಲರೂ ಕೂಡುತ್ತಿದ್ದರು. ನೀರಿಗೆ ಬರುವ ದೊಡ್ಡ ಪ್ರಾಣಿಗಳು ಆಗ ಅವರ ಆಹಾರ. ಚದುರುವುದು ಮತ್ತು ಕೂಡುವುದು, ಇದೇ ಅವರ ಪಂಚಾಂಗ.

ಬೆಂಕಿಯ ವಿಷಯದಲ್ಲಿ ಎಚ್ಚರ ಬೇಕು. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗುಹೆಯಲ್ಲಿ 10 ಲಕ್ಷ ವರ್ಷಗಳ ಹಿಂದಿನ ಬೂದಿ ಮತ್ತು ಸುಟ್ಟ ಮೂಳೆ ಸಿಕ್ಕಿದೆ. ಹಾಗೆಂದು ಆ ಕಾಲದ ಎಲ್ಲ ಗುಂಪುಗಳಿಗೂ ಒಲೆ ಹೊತ್ತಿಸುವುದು ಗೊತ್ತಿತ್ತೆಂದು ಹೇಳಲಾಗದು.

ಅವರ ಮನಸ್ಸಿನ ಒಂದು ಮಗ್ಗುಲು ಜಾರ್ಜಿಯ ದೇಶದ ದಮಾನಿಸಿಯಲ್ಲಿ ಕಾಣುತ್ತದೆ. ಅಲ್ಲಿ ಸಿಕ್ಕ ಸುಮಾರು 17 ಲಕ್ಷ ವರ್ಷ ಹಳೆಯ ಒಂದು ತಲೆಬುರುಡೆಯಲ್ಲಿ ಒಂದು ಹಲ್ಲನ್ನು ಬಿಟ್ಟು ಉಳಿದೆಲ್ಲ ಹಲ್ಲುಗಳು ಸಾಯುವುದಕ್ಕೆ ಬಹಳ ಮೊದಲೇ ಉದುರಿಹೋಗಿದ್ದವು. ಹಲ್ಲಿನ ಕುಳಿಗಳಲ್ಲಿ ಮೂಳೆ ತುಂಬಿಕೊಂಡಿದೆ. ಹಲ್ಲು ಹೋದ ಮೇಲೂ ಆ ಮುದುಕ ವರ್ಷಗಟ್ಟಲೆ ಬದುಕಿದ್ದ ಎಂಬುದು ಇದರರ್ಥ. ಹಸಿಮಾಂಸ, ಗಟ್ಟಿಗೆಡ್ಡೆಗಳ ಆ ಕಾಲದಲ್ಲಿ ಆತನಿಗೆ ಮೆತ್ತಗಿನ ಆಹಾರವನ್ನು ಜಜ್ಜಿ ಕೊಟ್ಟವರು ಯಾರಾದರೂ ಇದ್ದಿರಬೇಕೆಂದು ಶೋಧಕರು ಊಹಿಸುತ್ತಾರೆ. ಇದು ಊಹೆಯೇ ಹೌದು, ಆದರೆ ಮೂಳೆಯನ್ನು ನೋಡಿ ಮಾಡಿದ ಊಹೆ. "ಬಲಿಷ್ಠನೇ ಉಳಿಯುತ್ತಾನೆ" ಎಂಬುದೇ ವಿಕಾಸದ ಸಾರ ಎಂದು ಮಕ್ಕಳಿಗೆ ಹೇಳುವ ಹಿರಿಯರು ಈ ಹಲ್ಲಿಲ್ಲದ ಮುದುಕನನ್ನು ನೆನೆಯಬೇಕು. ಒಬ್ಬರನ್ನೊಬ್ಬರು ನೋಡಿಕೊಳ್ಳುವುದೂ ಉಳಿವಿನ ದಾರಿಯೇ.

ಕಡಲ ಆಹಾರ ಇನ್ನೂ ಈಚಿನದು. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕುವವರಿಗೆ ಯಾವ ತಿಥಿಯಲ್ಲಿ ನೀರು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಬಾಯಿಪಾಠ. ದಕ್ಷಿಣ ಆಫ್ರಿಕದ ಪಿನ್ಯಾಕಲ್ ಪಾಯಿಂಟ್ ಎಂಬ ಕಡಲತಡಿಯ ಗುಹೆಯಲ್ಲಿ 1,64,000 ವರ್ಷಗಳ ಹಿಂದಿನ ಮನುಷ್ಯರು ತಿಂದು ಬಿಟ್ಟ ಚಿಪ್ಪುಗಳು ದೊರೆತಿವೆ. ಉಬ್ಬರವಿಳಿತದ ಜ್ಞಾನ ಎಷ್ಟು ಹಳೆಯ ವಿದ್ಯೆ ಎಂಬುದಕ್ಕೆ ಇದು ಗುರುತು.

ಏಣಿಯಲ್ಲ, ಮರ

"ಮಂಗನಿಂದ ಮಾನವ" ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. "ಹಾಗಾದರೆ ಈಗಿನ ಮಂಗಗಳು ಯಾಕೆ ಮನುಷ್ಯರಾಗುತ್ತಿಲ್ಲ?" ಎಂದು ಮಗು ಕೇಳಿದರೆ ತಂದೆತಾಯಿಗಳು ತಡವರಿಸುತ್ತಾರೆ. ಮಗುವಿನ ಪ್ರಶ್ನೆ ಸರಿಯಾಗಿಯೇ ಇದೆ, ತಪ್ಪಿರುವುದು ಮಾತಿನಲ್ಲಿ. ತೋಟದ ಕಾಡುಮಂಗದಿಂದಾಗಲಿ ಮೃಗಾಲಯದ ಚಿಂಪಾಂಜಿಯಿಂದಾಗಲಿ ಮನುಷ್ಯ ಹುಟ್ಟಲಿಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಬ್ಬರೇ ಪೂರ್ವಜರಿದ್ದರು. ಅಲ್ಲಿಂದ ಎರಡು ಕವಲು. ದಾಯಾದಿಗಳು ಒಬ್ಬರಿಂದೊಬ್ಬರು ಹುಟ್ಟಿರುವುದಿಲ್ಲ, ಅಜ್ಜ ಮಾತ್ರ ಒಬ್ಬನೇ. ಇದೂ ಹಾಗೆಯೇ.

ನಮ್ಮ ಕವಲಿನಲ್ಲೂ ಹಲವು ಕೊಂಬೆಗಳಿದ್ದವು. ಒಂದು ಲಕ್ಷ ವರ್ಷಗಳ ಹಿಂದೆ ಭೂಮಿಯ ಮೇಲೆ ನಾವಷ್ಟೇ ಅಲ್ಲ, ಯುರೋಪು ಮತ್ತು ಪಶ್ಚಿಮ ಏಷ್ಯದಲ್ಲಿ ನಿಯಾಂಡರ್ತಾಲರು, ಪೂರ್ವಕ್ಕೆ ಡೆನಿಸೋವರು ಎಂಬ ಬೇರೆ ಮಾನವರೂ ಇದ್ದರು. ಹಳೆಯ ಮೂಳೆಗಳಿಂದ ಡಿ.ಎನ್.ಎ. ತೆಗೆದು ಓದುವ ವಿದ್ಯೆಯನ್ನು ಬೆಳೆಸಿದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆಫ್ರಿಕದ ಹೊರಗಿನ ಇಂದಿನ ಜನರಲ್ಲಿ ಶೇಕಡಾ 1ರಿಂದ 2ರಷ್ಟು ನಿಯಾಂಡರ್ತಾಲರ ಅಂಶವಿದೆ ಎಂದು ಈ ಓದು ತಿಳಿಸಿತು. ಆ ಕೊಂಬೆ ಒಣಗಿದರೂ ಅದರ ಒಂದಿಷ್ಟು ರಸ ನಮ್ಮಲ್ಲಿ ಉಳಿದಿದೆ.

ನೆರೆಯ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಇನ್ನೊಂದು ಅಧ್ಯಾಯವನ್ನು ತೆರೆಯಿತು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಭಾರತದ ಮೇಲೂ ಸುರಿಯಿತು. ಜ್ವಾಲಾಪುರದಲ್ಲಿ ಆ ಬೂದಿಯ ಪದರದ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳು ಸಿಕ್ಕವೆಂದು 2007ರಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡ ಉತ್ಪಾತವನ್ನು ಅಲ್ಲಿಯ ಜನ ಹೇಗೋ ದಾಟಿ ಬದುಕಿದ್ದರೆಂದು ತಂಡ ವಾದಿಸಿತು.

ಅಳಿಯುತ್ತಿರುವ ಪುಟಗಳು

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಒಂದು ಕಲ್ಲನ್ನು ಕೈಗೆತ್ತಿಕೊಂಡು ಇದು ಮನುಷ್ಯ ಮಾಡಿದ್ದು ಎಂದು ಗುರುತಿಸಿದರು. ಭಾರತದ ಹಳೆ ಶಿಲಾಯುಗದ ಅಧ್ಯಯನ ಅಂದು ಆರಂಭವಾಯಿತು. ಮುಂದೆ ಅವರು ನಮ್ಮ ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲೂ ಇಂಥ ಆಯುಧಗಳನ್ನು ಕಂಡರು. ಅಲ್ಲಿಯವರೆಗೆ ಅವು ಎಲ್ಲರ ಕಾಲಿಗೂ ತಾಗುತ್ತಿದ್ದ ಬರಿಯ ಕಲ್ಲುಗಳು.

ಹುಣಸಗಿಯ ಕಣಿವೆಯಲ್ಲಿ ಈಗ ಅವು ಕಾಲಿಗೆ ತಾಗುವುದೂ ಕಡಿಮೆಯಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಬಂದ ಮೇಲೆ ಬರಡು ಹೊಲಗಳನ್ನು ಸಮತಟ್ಟು ಮಾಡಿ ಗದ್ದೆಗಳಾಗಿಸಲಾಯಿತು. ಕಾಲುವೆಗೆ, ರಸ್ತೆಗೆ ಮಣ್ಣು, ಕಲ್ಲು ಅಗೆಯಲಾಯಿತು. ಹಲವು ನೆಲೆಗಳು ಹೀಗೆ ಅಳಿದುಹೋದವೆಂದು ಪದ್ದಯ್ಯನವರು ಬರೆದಿದ್ದಾರೆ. ಬಾಯಾರಿದ ರೈತನಿಗೆ ನೀರು ಬೇಡವೆನ್ನುವವರು ಯಾರು? ಆದರೆ ಅಗೆಯುವ ಮೊದಲು ನೋಡಿ ಬರೆದಿಟ್ಟುಕೊಂಡಿದ್ದರೆ ಎರಡೂ ಉಳಿಯುತ್ತಿದ್ದವು. ಪುಸ್ತಕ ಹರಿದರೆ ಮತ್ತೊಂದು ಪ್ರತಿ ತರಬಹುದು. 12 ಲಕ್ಷ ವರ್ಷದ ಅಂಗಳಕ್ಕೆ ಎರಡನೆಯ ಪ್ರತಿ ಇಲ್ಲ.

ಪುಸ್ತಕದ ಪುಟಗಳಿಗೂ ಇಂಥದೇ ಗತಿ ಬಂದದ್ದುಂಟು. 2023ರಲ್ಲಿ ಎನ್.ಸಿ.ಇ.ಆರ್.ಟಿ.ಯ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಲಾಗಿದೆ, 12ನೆಯ ತರಗತಿಯಲ್ಲಿ ಪಾಠವಿದೆ ಎಂಬುದು ಸಮರ್ಥನೆ. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. 10ರ ನಂತರ ವಾಣಿಜ್ಯಕ್ಕೋ ಕಲಾವಿಭಾಗಕ್ಕೋ ಐ.ಟಿ.ಐ.ಗೋ ಹೋಗುವ ಮಗು 12ನೆಯ ತರಗತಿಯ ಜೀವಶಾಸ್ತ್ರವನ್ನು ಓದುವುದೇ ಇಲ್ಲ. ತಾನು ಎಲ್ಲಿಂದ ಬಂದೆ ಎಂಬುದನ್ನು ಅದು ಯಾರಿಂದ ತಿಳಿಯಬೇಕು? ಪಠ್ಯದಲ್ಲಿ ಇಲ್ಲದ್ದನ್ನು ತುಂಬಿಕೊಡುವ ಹೊಣೆ ಮನೆಗೂ ಬರುತ್ತದೆ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲೇ ಇರುವ ಸಂಗನಕಲ್ಲು ಪ್ರಾಕ್ತನ ವಸ್ತುಸಂಗ್ರಹಾಲಯದಲ್ಲಿ ಈ ಕತೆಯನ್ನು ಕಣ್ಣಾರೆ ನೋಡಬಹುದು. ಹಂಪಿಗೆ ಪ್ರವಾಸ ಹೋಗುವ ಶಾಲೆಗಳು ಅರ್ಧ ದಿನವನ್ನು ಅದಕ್ಕೆ ಮೀಸಲಿಟ್ಟರೆ ನಷ್ಟವೇನೂ ಇಲ್ಲ.

ಕರಾವಳಿಯ ವಿದ್ಯಾರ್ಥಿಗಳಿಗೂ ಮಾಡಲು ಕೆಲಸವಿದೆ. ಗದ್ದೆಯ ಬದುವಿನಲ್ಲಿ, ಹೊಳೆಯ ಕೊರೆತದಲ್ಲಿ, ಬಾವಿ ತೋಡಿದ ಮಣ್ಣಿನಲ್ಲಿ ಒಂದೇ ಅಂಚಿನಿಂದ ಸಾಲಾಗಿ ಚಕ್ಕೆ ಎದ್ದ ಬೆಣಚುಕಲ್ಲು ಕಂಡರೆ ಅದನ್ನು ಎತ್ತಿ ಕಿಸೆಗೆ ಹಾಕಿಕೊಳ್ಳಬಾರದು. ಜಾಗ ಬಿಟ್ಟ ಕಲ್ಲು ತನ್ನ ಸಾಕ್ಷ್ಯವನ್ನು ಅರ್ಧ ಕಳೆದುಕೊಳ್ಳುತ್ತದೆ. ಇದ್ದಲ್ಲಿಯೇ ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಸ್ಥಳ, ದಿನಾಂಕ, ಮಣ್ಣಿನ ಬಣ್ಣ ಬರೆದು ಶಿಕ್ಷಕರ ಮೂಲಕ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ನೂರು ಕಲ್ಲುಗಳಲ್ಲಿ ತೊಂಬತ್ತೊಂಬತ್ತು ಬರಿಯ ಕಲ್ಲೇ ಆಗಿರಬಹುದು. ಆದರೂ ನೋಡುವ ಕಣ್ಣು ಒಮ್ಮೆ ಪಳಗಿದರೆ ಅದು ಜೀವಮಾನವಿಡೀ ಕೆಲಸಕ್ಕೆ ಬರುತ್ತದೆ.